ಉಸಿರಿನ ಹನಿ ಓದುತ್ತಿದ್ದವರು

ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಬೀದಿಗೆ ಅವರು ಜನರ ಉಸಿರನ್ನು ಕೇಳಿಕೊಂಡು ಬರುತ್ತಿದ್ದರು. ದಮ್ಮಿನ ಕಾಯಿಲೆಯ ಮೇಲೆ ಸಂಶೋಧನೆ ಮಾಡುವ ವಿಜ್ಞಾನಿ. ತಣ್ಣನೆಯ ಕೊಳವೆಯೊಳಗೆ ನಾವು ಬಿಟ್ಟ ಉಸಿರು ಮಂಜಾಗಿ, ಹನಿಯಾಗಿ ಇಳಿಯುತ್ತಿತ್ತು. ಕಾಯಿಲೆ ದೇಹದೊಳಗೆ ಮಾಡುವ ಸಣ್ಣಪುಟ್ಟ ಬದಲಾವಣೆಗಳ ಗುರುತು ಆ ಹನಿಯಲ್ಲಿ ಇರುತ್ತದಂತೆ. ಅದನ್ನು ಬೆಳಕಿಗೆ ಹಿಡಿದು, ನಮ್ಮನ್ನೆಲ್ಲ ಮರೆತು, ಅವರು ನೋಡುತ್ತಾ ನಿಂತುಬಿಡುತ್ತಿದ್ದರು. ಕೆಮ್ಮಿ ಸುಸ್ತಾದವರಿಗೆ, "ಅವಸರ ಇಲ್ಲ, ನಿಧಾನಕ್ಕೆ ಬರಲಿ" ಎನ್ನುತ್ತಿದ್ದರು.

ಮಗ್ಗದ ಧೂಳಿನಲ್ಲೇ ವಯಸ್ಸು ಕಳೆದ ನನ್ನಮ್ಮ ಒಂದು ದಿನ ಕೇಳಿದಳು.

"ಇದರಿಂದ ನನ್ನ ದಮ್ಮು ವಾಸಿಯಾಗ್ತದಾ ಮೇಡಮ್ಮೋರೆ?"

"ಇಲ್ಲಮ್ಮ, ಸುಳ್ಳು ಹೇಳಲ್ಲ. ಮುಂದೆ ಬೇರೆಯವ್ರಿಗೆ ಕಾಯಿಲೆ ಬೇಗ ಗೊತ್ತಾಗ್ಬಹುದು, ಅಷ್ಟೇ."

ಅಮ್ಮ ನನ್ನನ್ನು ಮುಂದಕ್ಕೆ ತಳ್ಳಿದಳು. "ಹಂಗಾದ್ರೆ ಇವಳನ್ನೂ ನೋಡಿ. ಇವಳೂ ಮಗ್ಗಕ್ಕೇ ಹೋಗ್ತಾಳೆ."

ಶ್ವಾಸಕೋಶದ ಶಕ್ತಿ ಅಳೆಯುವ ಯಂತ್ರಕ್ಕೆ ನಾನು ನಗುತ್ತಲೇ ಊದಿದೆ. ಅವರು ಮೂರು ಸಲ ಊದಿಸಿದರು. ಆಮೇಲೆ ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತರು.

"ನಿಂಗೂ ಶುರುವಾಗಿರೋ ಹಾಗಿದೆ ಕಣಮ್ಮ. ಧೂಳು ಬಿಟ್ರೆ ಇಲ್ಲಿಗೇ ನಿಲ್ಲಬಹುದು. ನಾಳೆ ಆಸ್ಪತ್ರೆಗೆ ಹೋಗೋಣ."

ಅಮ್ಮ ಅಳಲಿಲ್ಲ. ಕೊಳವೆಯನ್ನು ತೆಗೆದುಕೊಂಡು, ನಡುನಡುವೆ ಕೆಮ್ಮುತ್ತಾ, ಅವರು ಸಾಕು ಅನ್ನುವವರೆಗೂ ಉಸಿರು ಬಿಟ್ಟಳು.

ನಾನು ಮಗ್ಗ ಬಿಟ್ಟು ಅಂಗನವಾಡಿ ಸೇರಿದೆ. ನನ್ನ ಕಾಯಿಲೆ ಅಲ್ಲಿಗೇ ನಿಂತಿದೆ. ಕಳೆದ ವರ್ಷ ಅಮ್ಮ ತೀರಿಕೊಂಡಾಗ ಅವರಿಗೆ ಫೋನ್ ಮಾಡಿದೆ.

"ನಿಮ್ಮಮ್ಮನ ಉಸಿರಿನ ಹನಿ ಇನ್ನೂ ನನ್ನ ಹತ್ರಾನೇ ಇದೆ" ಎಂದರು. "ಫ್ರೀಜರಲ್ಲಿ ಇಟ್ಟಿದ್ದೀನಿ. ಇವತ್ತು ಬೆಳಿಗ್ಗೆ ಕೂಡ ಅದನ್ನೇ ಓದ್ತಿದ್ದೆ."