ಮಾಳಿಗೆಯ ಮೇಲಿನ ಹಾದಿ

ನಮ್ಮ ಬನಹಟ್ಟಿ ಮನೆಯ ಹಿತ್ತಿಲ ಗೋಡೆಗೆ ಒರಗಿಸಿಟ್ಟ ನಿಚ್ಚಣಿಕೆಗೆ ಒಂಬತ್ತು ಮೆಟ್ಟಿಲು. ಕೆಳಗಿನಿಂದ ಮೂರನೆಯದು ಸಡಿಲ. ಇಂಥ ಕ್ಷುಲ್ಲಕ ಸಂಗತಿಯನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ ಎಂದು ನೀವು ನಗಬಹುದು. ಆದರೆ ನನ್ನ ಪಾಂಡಿತ್ಯವೆಲ್ಲ ಮಣ್ಣುಗೂಡಿದ್ದು ಆ ಮೆಟ್ಟಿಲಿನ ಮೇಲೆಯೇ.

ಲಾಕ್‌ಡೌನಿನ ದಿನಗಳವು. ಜಮಖಂಡಿ, ಮುಧೋಳ, ಬೀಳಗಿಯ ಹಾದಿಗಳೆಲ್ಲ ಬಂದ್; ಸದಾ ಖಟಖಟಿಸುವ ನಮ್ಮೂರ ಮಗ್ಗಗಳೂ ಮೌನವ್ರತ ಹಿಡಿದಿದ್ದವು. ನಿವೃತ್ತ ಮಾಸ್ತರನಾದ ನನ್ನ ಕೈಗೆ ಜಾಗೃತಿಯ ಮೈಕು ಬಂತು. ಕೇಳದ ಮಕ್ಕಳೆದುರು ವರ್ಷಾನುಗಟ್ಟಲೆ ಕೂಗಿ ಹದಗೊಂಡ ಕಂಠ. ಆಟೋದಲ್ಲಿ ಕುಳಿತು "ಯಾರೂ ರೋಡಿಗೆ ಇಳೀಬ್ಯಾಡ್ರೀ" ಎಂದು ಓಣಿಓಣಿಯಲ್ಲೂ ಗರ್ಜಿಸಿದೆ. ನಮ್ಮ ಓಣಿಯಂತೂ ಎಷ್ಟು ನಿರ್ಜನವಾಯಿತೆಂದರೆ ಪೊಲೀಸರೇ ನೋಡಿ ಭೇಷ್ ಎಂದರು. ನಾನು ಉಬ್ಬಿಹೋದೆ.

ಗುಟ್ಟು ಮೇಲಿತ್ತು. ನಮ್ಮಲ್ಲಿ ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿವೆ. ಮಣ್ಣಿನ ಮಾಳಿಗೆಗಳ ಮೇಲೆ ನಡೆದೇ ಓಣಿಯ ಈ ತುದಿಯಿಂದ ಆ ತುದಿ ತಲುಪಬಹುದು. ರಸ್ತೆಗಿಳಿಯಬೇಡಿ ಎಂದೆ, ಯಾರೂ ಇಳಿಯಲಿಲ್ಲ, ಎಲ್ಲರೂ ಹತ್ತಿದರು. ಶಾವಿಗೆ, ಹಪ್ಪಳ, ಹರಟೆ ಸಕಲವೂ ಮಾಳಿಗೆಯ ಮೇಲೆ. ಈ ಉಪದೇಶಕನೂ ಸಂಜೆ ಮೈಕು ಕೆಳಗಿಟ್ಟವನೇ ನಾಲ್ಕು ಮಾಳಿಗೆ ದಾಟಿ ಗೆಳೆಯ ಬಸಪ್ಪನ ಚಹಾಕ್ಕೆ ಹಾಜರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಬೇಸಿಗೆಯ ಸೆಕೆಗೆ ಮಾಳಿಗೆಯ ಮೇಲೆ ಮಲಗಿದ್ದವನು ಒಂದು ಬೆಳಗ್ಗೆ ಇಳಿಯುತ್ತ ಆ ಮೂರನೆಯ ಮೆಟ್ಟಿಲಿಗೆ ಬಂದಿದ್ದೆ, ಫೋನು ಬಂತು. ಬಸಪ್ಪನಿಗೆ ಕೊರೋನಾ! ಕೆಳಗೆ, ಎಂಬತ್ತು ದಾಟಿದ, ದಮ್ಮಿನಿಂದ ಬಳಲುವ ಅವ್ವ ನನಗಾಗಿ ಚಹಾ ಹಿಡಿದು ನಿಂತಿದ್ದಳು. ಕೆಳಗಿಳಿಯದೆ ಅಲ್ಲೇ ನಿಂತೆ. ದೂರ ಸರಿಯಲು ಹೇಳಿ, ತೊದಲುತ್ತ ಸಂಗತಿ ತಿಳಿಸಿದೆ. "ಆದರ ನಾ ರೋಡಿಗೆ ಇಳದಿಲ್ಲಬೇ" ಎಂದೂ ಸೇರಿಸಿದೆ.

"ನೀ ಇಳದಿಲ್ಲ ಖರೆ. ಜಡ್ಡಿಗೆ ರೋಡ ಬೇಕೇನೋ ಮಾಸ್ತರ? ಹತ್ತು, ಮ್ಯಾಲೇ ಇರು" ಎಂದಳು ಅವ್ವ.

ನಾನು ಹತ್ತಿದೆ, ಹೆಂಡತಿ ನಿಚ್ಚಣಿಕೆ ತೆಗೆದಳು. ಹದಿನಾಲ್ಕು ದಿನ ತಗಡಿನ ನೆರಳಿನಲ್ಲಿ ವಾಸ, ಹಗ್ಗಕ್ಕೆ ಕಟ್ಟಿದ ಬಕೆಟ್ಟಿನಲ್ಲಿ ರೊಟ್ಟಿ. ಮೊದಲ ದಿನವೇ, ಮೈಕಿಲ್ಲದೆ, ನಾಚಿಕೆ ಬಿಟ್ಟು ನನ್ನ ತಪ್ಪನ್ನು ಮಾಳಿಗೆಯಿಂದ ಮಾಳಿಗೆಗೆ ಕೂಗಿ ಹೇಳಿದೆ. ಸಂಜೆಯೊಳಗೆ ಓಣಿಯ ನಿಚ್ಚಣಿಕೆಗಳೆಲ್ಲ ನೆಲಕ್ಕೊರಗಿದವು. ನನ್ನ ಜೀವಮಾನದ ಅತ್ಯುತ್ತಮ ಪಾಠವದು ಎಂದು ಈಗಲೂ ಧೈರ್ಯವಾಗಿ ಹೇಳುತ್ತೇನೆ. ಆದರೆ ಮಾಳಿಗೆಯ ಬೆಳಕಿಂಡಿಗೆ ಕಿವಿಯಿಟ್ಟು ಕೂತ ನನಗೆ, ಕೆಳಗೆ ಅವ್ವ ಒಮ್ಮೆ ಕೆಮ್ಮಿದರೂ ಜೀವ ಬಾಯಿಗೆ ಬರುತ್ತಿತ್ತು. ಅವಳಿಗೇನೂ ಆಗಲಿಲ್ಲ. ಬಸಪ್ಪನೂ ಚೇತರಿಸಿಕೊಂಡ.

ನಿಚ್ಚಣಿಕೆ ಈಗ ಮತ್ತೆ ಗೋಡೆಗೊರಗಿದೆ. ಮೊನ್ನೆ ಬಡಿಗ ಬಂದು ಆ ಸಡಿಲ ಮೆಟ್ಟಿಲಿಗೆ ಮೊಳೆ ಹೊಡೆಯಲು ಹೊರಟಾಗ ಅವ್ವ ತಡೆದಳು: "ಇರಲಿ ಬಿಡಪ್ಪಾ. ಅಲ್ಲಿ ಕಾಲಿಟ್ಟಾಗಷ್ಟ ನಮ್ಮ ಮಾಸ್ತರಗ ಬುದ್ಧಿ ಬರತೈತಿ."