ಬಿಟ್ಟುಹೋದ ನಲವತ್ತೊಂದು ಪದಗಳು

ನಿಘಂಟು ಅಚ್ಚು ಹಾಕುವ ಆ ಕಚೇರಿಯಲ್ಲಿ ಅವನನ್ನು ಎಲ್ಲರೂ ಪಟ್ಟಿ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಯಾವ ಮಕ್ಕಳಿಗೂ ಪಾಠ ಹೇಳಿದವನಲ್ಲ. ಟೈಪಾಗಿ ಬಂದ ಫೈಲುಗಳಲ್ಲಿನ ಕಸಕಡ್ಡಿ ತೆಗೆದು ಅಚ್ಚಿಗೆ ಹಸನು ಮಾಡಿಕೊಡುವುದು ಅವನ ಕೆಲಸ. ಅದಕ್ಕೆ ಅವನು ಬಳಸುತ್ತಿದ್ದದ್ದು ರೆಜೆಕ್ಸ್. ಇಂಥ ಚಿಹ್ನೆಯಿಂದ ಇಂಥ ಚಿಹ್ನೆಯವರೆಗೆ ಇರುವುದನ್ನು ಹುಡುಕು, ಅಳಿಸು ಎಂದು ನಾಲ್ಕೈದು ಗುರುತುಗಳಲ್ಲೇ ಕಂಪ್ಯೂಟರಿಗೆ ಹೇಳುವ ವಿದ್ಯೆ.

ಆ ಗುರುತುಗಳು ಮಾತ್ರ ಊರಿಗೊಂದು ನೀತಿ. ಫೈಲು ತಿದ್ದುವ ಒಂದು ಎಡಿಟರ್ ತಂತ್ರಾಂಶದಲ್ಲಿ ಆವರಣ ಚಿಹ್ನೆಯ ಹಿಂದೆ ಓರೆಗೆರೆ ಬೇಕು, ಇನ್ನೊಂದರಲ್ಲಿ ಹಾಕಿದರೆ ಕೆಲಸ ಕೆಟ್ಟಿತು. ಒಂದು ಪ್ರೋಗ್ರಾಮಿಂಗ್ ಭಾಷೆಯಂತೂ ನಮ್ಮ ಕೊಂಬು, ದೀರ್ಘಗಳನ್ನು ಅಕ್ಷರವೆಂದೇ ಒಪ್ಪದೆ ಪದವನ್ನು ನಡುವೆಯೇ ಮುರಿಯುತ್ತಿತ್ತು. ಇದನ್ನೆಲ್ಲ ಅವನು ದೊಡ್ಡ ಹಾಳೆಯಲ್ಲಿ ಮನೆ ಹಾಕಿ ಪಟ್ಟಿ ಬರೆದು ಮೇಜಿನ ಹಿಂದಿನ ಗೋಡೆಗೆ ಅಂಟಿಸಿದ್ದ. ಹಾಳೆಗೆ ಹಾಳೆ ಸೇರಿ ಅದು ಕಿಟಕಿಯವರೆಗೂ ಬೆಳೆದಿತ್ತು. ಕಿಟಕಿಯನ್ನೂ ಮುಚ್ಚಿದರೆ ಪಟ್ಟಿಯಿಂದಲೇ ಗಾಳಿ ಬೀಸಿಕೋಬೇಕಾಗುತ್ತೆ ಅಂತ ಜವಾನ ನಗಾಡುತ್ತಿದ್ದ.

ಪದಕ್ಕೊಂದರಂತೆ ಬರೆದಿಟ್ಟ ನಿಘಂಟಿನ ಕಾರ್ಡುಗಳನ್ನೆಲ್ಲ ಟೈಪು ಮಾಡಿದವಳು ಟೈಪಿಸ್ಟ್ ಅಕ್ಕ. ಇಪ್ಪತ್ತಾರು ವರ್ಷದ ಸರ್ವೀಸು. ಒಂದು ತಪ್ಪು ಹುಡುಕಿದರೆ ಕಾಫಿ ಕೊಡಿಸುತ್ತೇನೆ ಎಂದು ಪಂಥ ಕಟ್ಟುತ್ತಿದ್ದಳು. ಕೊಡಿಸುವ ಪ್ರಸಂಗ ಬಂದದ್ದು ಕಡಿಮೆ.

ಸಂಪಾದಕರು ನಡುನಡುವೆ ಚೌಕಾವರಣದಲ್ಲಿ ಟಿಪ್ಪಣಿ ಬರೆಸಿದ್ದರು. ಅಚ್ಚಿಗೆ ಮುಂಚೆ ಅವನ್ನು ಅಳಿಸಬೇಕಿತ್ತು. ಮೇಷ್ಟ್ರ ಎಡಿಟರು ಒಂದು ಸಾಲು ದಾಟಿ ಹುಡುಕುತ್ತಿರಲಿಲ್ಲ, ಎರಡು ಸಾಲಿನ ಟಿಪ್ಪಣಿಗಳು ಹಾಗೇ ಉಳಿದವು. ತೆರೆದ ಆವರಣದಿಂದ ಮುಚ್ಚಿದ ಆವರಣದವರೆಗೆ ಅಳಿಸು ಎಂಬ ಅದೇ ಗುರುತನ್ನು ಅವನು ಒಂದು ಪ್ರೋಗ್ರಾಮಿಗೆ ಹಾಕಿ, ಸಾಲು ದಾಟಲು ಅಪ್ಪಣೆ ಕೊಟ್ಟು, ಎಲ್ಲ ಫೈಲುಗಳ ಮೇಲೆ ಒಂದೇ ಸಲಕ್ಕೆ ಓಡಿಸಿದ. ಎರಡು ಫೈಲು ತೆರೆದು ನೋಡಿದ, ಚೊಕ್ಕಟವಾಗಿತ್ತು.

ಪುಸ್ತಕ ಹೊರಬಂದ ಮೇಲೆ ಓದುಗರೊಬ್ಬರ ಕಾಗದ ಬಂತು. ಒಂದು ಕಡೆ ಸಾಲಾಗಿ ನಲವತ್ತೊಂದು ಪದಗಳೇ ಇಲ್ಲ. ಆ ಪದಗಳ ಕಾರ್ಡುಗಳು ಪೆಟ್ಟಿಗೆಯಲ್ಲಿ ಭದ್ರವಾಗಿದ್ದವು. ಅಂದಮೇಲೆ ಒಂದು ಕಟ್ಟು ಕಾರ್ಡನ್ನು ಟೈಪಿಸ್ಟೇ ಬಿಟ್ಟಿರಬೇಕು ಎಂದು ವ್ಯವಸ್ಥಾಪಕರು ತೀರ್ಮಾನಿಸಿದರು. ಅಕ್ಕ ವಾದ ಮಾಡಲಿಲ್ಲ. ಮೇಷ್ಟ್ರ ಮೇಜಿನ ಹತ್ತಿರ ಬಂದು ನಿಂತಳು.

“ಒಂದ್ಸಲ ನಿಮ್ಮ ಕಡೆನೂ ನೋಡ್ತೀರಾ?”

“ಮಷೀನು ಪದ ನುಂಗಲ್ಲ ಅಕ್ಕಾ,” ಅಂದ ಅವನು, ಪರದೆಯಿಂದ ಕಣ್ಣು ಕೀಳದೆ.

ಎರಡು ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು.

ಒಂಬತ್ತು ವರ್ಷದ ಮೇಲೆ ಅವನು ಪಟ್ಟಿಯನ್ನು ತಿದ್ದಿ ಬರೆಯುತ್ತಿದ್ದ. ಉದಾಹರಣೆಗೆ ಇರಲಿ ಅಂತ ಆ ಹಳೇ ಗುರುತನ್ನೂ ಟಿಪ್ಪಣಿ ಅಳಿಸುವ ಮುಂಚಿನ ಹಳೇ ಫೈಲೊಂದನ್ನೂ ತೆಗೆದುಕೊಂಡ. ಐದು ಎಡಿಟರುಗಳಲ್ಲಿ ಪದಗಳು ಅಲ್ಲಾಡಲಿಲ್ಲ. ಆ ಪ್ರೋಗ್ರಾಮಿನಲ್ಲಿ ಓಡಿಸಿದಾಗ ಪುಟ ಗಿಡ್ಡವಾಯಿತು. ಮಿಕ್ಕ ಫೈಲುಗಳಲ್ಲಿ ಇದ್ದದ್ದು ಒಂದೊಂದೇ ಟಿಪ್ಪಣಿ, ಇದೊಂದರಲ್ಲಿ ಎರಡು. ಪ್ರೋಗ್ರಾಮು ಮೊದಲನೆಯದರ ತೆರೆದ ಆವರಣದಿಂದ ಎರಡನೆಯದರ ಮುಚ್ಚಿದ ಆವರಣದವರೆಗೆ ನಡುವೆ ಇದ್ದದ್ದನ್ನೆಲ್ಲ ಗುಡಿಸಿಹಾಕಿತ್ತು. ಮೊದಲು ಸಿಕ್ಕ ಮುಚ್ಚಿದ ಆವರಣಕ್ಕೇ ನಿಲ್ಲು ಅನ್ನುವ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಅವನು ಹಾಕಿರಲಿಲ್ಲ. ಬೆರಳಿಟ್ಟು ಎಣಿಸಿದ. ನಲವತ್ತೊಂದು.

ನಾಳೆಯೇ ಹೋಗಿ ಹೇಳಬೇಕು ಅಂದುಕೊಂಡ. ನಾಳೆ ಅನ್ನುವುದು ವಾರವಾಯಿತು, ವಾರ ತಿಂಗಳಾಯಿತು. ನೆಗಡಿ, ಲೆಕ್ಕ ತಪಾಸಣೆ, ತಂಗಿಯ ಮಗಳ ಮದುವೆ, ನೆವಕ್ಕೇನು ಬರ. ಎಂಟು ತಿಂಗಳು ಕಳೆದ ಮೇಲೆ ಹೊರಟ.

ಟೈಪಿಸ್ಟ್ ಅಕ್ಕ ತನ್ನ ತಂಗಿಯ ಜೊತೆ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿದ್ದಳು, ಅಂಗಡಿಯ ಬಟ್ಟೆಗಳಿಗೆ ಗುಂಡಿ ಹಾಕುತ್ತಿದ್ದಳು. ಕಾಫಿ ತಂದಿಟ್ಟ ತಂಗಿ, ಅಕ್ಕ ಈಗೀಗ ಮನೆಗೆ ಬಂದ ಕಾಗದವನ್ನೂ ಮೂರು ಸಲ ಓದುತ್ತಾಳೆ, ಸಾಲು ಬಿಟ್ಟುಬಿಡುತ್ತೇನೆ ಅಂತ ಭಯ, ಟೈಪಿಂಗ್ ಕೆಲಸ ಮನೆಬಾಗಿಲಿಗೆ ಬಂದರೂ ಒಲ್ಲೆ ಅಂದಳು ಎಂದಳು. ಮೇಷ್ಟ್ರು ಕಾಫಿ ಲೋಟ ಪಕ್ಕಕ್ಕಿಟ್ಟ. ತಂದಿದ್ದ ಹಾಳೆ ಬಿಡಿಸಿ, ಆದದ್ದನ್ನೆಲ್ಲ ಹೇಳಿದ. ಅವಳು ಗುಂಡಿ ಹಾಕುತ್ತಲೇ ಕೇಳಿದಳು. ಕಾರ್ಡುಗಳನ್ನು ತಾನೇ ಬಿಟ್ಟೆ ಅಂತ ಇಷ್ಟು ದಿನ ನಂಬಿದ್ದಳಂತೆ. ಯಾವ ಮಧ್ಯಾಹ್ನ, ಯಾರು ಮಾತಾಡಿಸಿದಾಗ ಅಂತ ಎಷ್ಟೋ ಸಲ ನೆನಪು ಮಾಡಿಕೊಂಡಳಂತೆ.

“ನಿಮಗೆ ಯಾವಾಗ ಗೊತ್ತಾಯ್ತು?”

ಸುಳ್ಳು ಬಾಯಿಗೆ ಬಂದಿತ್ತು. ನುಂಗಿಕೊಂಡು, ಎಂಟು ತಿಂಗಳಾಯಿತು ಎಂದ.

ಅವಳ ಕೈ ನಿಂತಿತು. “ಒಂಬತ್ತು ವರ್ಷ ನಿಮಗೂ ಗೊತ್ತಿರ್ಲಿಲ್ಲ, ಅದು ಹೋಗ್ಲಿ. ಈ ಎಂಟು ತಿಂಗಳು?”

ಅವನು ಹಾಳೆ ಮಡಿಸಿದ. ಅವಳು ಮತ್ತೆ ಗುಂಡಿ ಹಾಕತೊಡಗಿದಳು.

ಮರುದಿನವೇ ಅವನು ವ್ಯವಸ್ಥಾಪಕರಿಗೆ ತಪ್ಪನ್ನು ಬರೆದುಕೊಟ್ಟ. ಮರುಮುದ್ರಣದಲ್ಲಿ ಪದಗಳು ಸೇರಿದವು, ತಪ್ಪು ಟೈಪಿಸ್ಟರದಲ್ಲ ಎಂಬ ಒಂದು ಸಾಲೂ ಮುನ್ನುಡಿಯ ಕೆಳಗೆ ಬಂತು. ಪ್ರತಿ ಹಿಡಿದು ಮೆಟ್ಟಿಲು ಹತ್ತಿದಾಗ ಬಾಗಿಲಿಗೆ ಬಂದವಳು ತಂಗಿ. ಪುಸ್ತಕ ಇಸಕೊಂಡು, ಅಕ್ಕ ಒಳಗಿದ್ದಾಳೆ, ಕೊಡ್ತೀನಿ ಅಂದಳು. ಒಳಗೆ ಬನ್ನಿ ಅನ್ನಲಿಲ್ಲ. ಅವನು ಮೆಟ್ಟಿಲ ಕಂಬಿ ಹಿಡಿದು ಇಳಿದುಹೋದ.