ನಾಲ್ಕನೇ ನಿಮಿಷದ ಜಿಗಿತ

"ಒಂಬತ್ತು ನಿಮಿಷ ಒಬ್ಬ ಹೆಂಗಸು ಬೆಂಚಿನ ಮೇಲೆ ಸುಮ್ನೆ ಕೂತಿರೋದನ್ನ ನೋಡೋಕೆ ಜನಕ್ಕೇನು ತಲೆ ಕೆಟ್ಟಿದ್ಯಾ? ನಿನ್ನೆ ಹನ್ನೊಂದು ಜನ ಎದ್ದು ಹೋದ್ರು. ಕತ್ತರಿಸಿ ಅಂದ್ರೆ ಕತ್ತರಿಸಿ, ಅಕ್ಕಾ!"

"ಕೂತಿದ್ದವರನ್ನ ಎಣಿಸಿದ್ರಾ ಮ್ಯಾನೇಜರೇ?"

ಬೆಳಗಿನ ಆರು ಗಂಟೆ. ಚಿತ್ರಮಂದಿರದ ಮಹಡಿಯ ಇಕ್ಕಟ್ಟು ಕೋಣೆ. ಮ್ಯಾನೇಜರ ಕೈಯಲ್ಲಿ ಕತ್ತರಿ. ಎದುರಿಗೆ ಕೂತವಳು ತಲೆ ಎತ್ತುವುದಿಲ್ಲ. ಫಿಲಂ ಸುರುಳಿಯ ಅಂಚು ಅವಳ ಎರಡು ಬೆರಳ ನಡುವೆ ಸರಿಯುತ್ತಿದೆ. ಎಲ್ಲಿ ಹರಿದಿದೆ ಎಂಬುದು ಅವಳ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

ಹರಿದ ಫಿಲಂ ಜೋಡಿಸುವ ಇವಳು ಎಲ್ಲರಿಗೂ ಜೋಡಣೆ ಅಕ್ಕ. ಮೂವತ್ತೊಂದು ವರ್ಷದಿಂದ ಇದೇ ಸ್ಟೂಲು. ಈ ಚಿತ್ರಮಂದಿರದಲ್ಲಿ ಈಗ ಓಡುವುದೆಲ್ಲ ಹಳೆಯ ಚಿತ್ರಗಳೇ. ದಿನಕ್ಕೆ ಆರು ಸುರುಳಿ, ಒಂದೊಂದೂ ಎರಡು ಸಾವಿರ ಅಡಿ. ಪರದೆಯ ಮೇಲೆ ಇವಳ ಹೆಸರು ಬರುವುದಿಲ್ಲ. ಬರಬೇಕೆಂದು ಯಾರಿಗೂ ಹೊಳೆದಿಲ್ಲ, ಸಿನಿಮಾ ಬಗ್ಗೆ ಪುಟಗಟ್ಟಲೆ ಬರೆಯುವ ಮಹಾಶಯರಿಗಂತೂ ಮೊದಲೇ ಇಲ್ಲ.

ಜಗಳ ಎಬ್ಬಿಸಿರುವ ಚಿತ್ರಕ್ಕೆ ಇಪ್ಪತ್ತಾರು ವರ್ಷ. ನಾಲ್ಕೇ ಜನ ಸೇರಿ ಎರವಲು ಕ್ಯಾಮೆರಾದಲ್ಲಿ ತೆಗೆದದ್ದು. ನಟಿ ನಿರ್ದೇಶಕನ ಚಿಕ್ಕಮ್ಮ. ಕೊನೆಯ ಬಸ್ಸಿನಿಂದಲೂ ಮಗ ಇಳಿಯದಿದ್ದಾಗ ತಾಯಿ ನಿಲ್ದಾಣದಲ್ಲಿ ಹಾಗೇ ಕೂತಿರುತ್ತಾಳೆ. ಈಗ ಉಳಿದಿರುವುದು ಇದೊಂದೇ ಪ್ರತಿ.

ಈ ಪ್ರತಿ ಮೊದಲ ಸಲ ಇಲ್ಲಿಗೆ ಬಂದಾಗ ಅದನ್ನು ಕತ್ತರಿಸಿದವಳೂ ಈ ಅಕ್ಕನೇ! "ಕೈಯಲ್ಲಿ ಹಿಡಿದು ನೋಡಿದ್ರೆ ಅಡಿಗಟ್ಟಲೆ ಅದೇ ಚಿತ್ರ. ಲ್ಯಾಬ್‌ನವರು ನಿದ್ದೆಗಣ್ಣಲ್ಲಿ ಅದನ್ನೇ ಮತ್ತೆ ಮತ್ತೆ ಅಚ್ಚು ಹಾಕಿದಾರೆ ಅಂದ್ಕೊಂಡು, ನಾಲ್ಕು ನಿಮಿಷ ಬಿಟ್ಟು ಮಿಕ್ಕಿದ್ದೆಲ್ಲ ಬುಟ್ಟಿಗೆ ಹಾಕ್ದೆ."

ನಿರ್ದೇಶಕ ಓಡಿ ಬಂದ. ಬೈಯಲಿಲ್ಲ. "ತಿರುಗಿ ಜೋಡಿಸಿ. ಕೆಳಗೆ ಬಂದು ಕೂತು ನೋಡಿ" ಅಂದ.

"ನೋಡ್ದೆ. ಮಗನಿಗೆ ಜಾಗ ಇರ್ಲಿ ಅಂತ ಆಯಮ್ಮ ಪಕ್ಕದಲ್ಲಿ ಚೀಲ ಇಟ್ಕೊಂಡಿರ್ತಾಳೆ. ಏಳನೇ ನಿಮಿಷಕ್ಕೆ ಆ ಚೀಲ ತೆಗೆದು ತೊಡೆ ಮೇಲಿಟ್ಕೋತಾಳೆ. ಅಷ್ಟೇ. ನಾನು ಅದನ್ನ ಬುಟ್ಟಿಗೆ ಹಾಕಿದ್ದೆ."

ಬೆಸೆದ ಜಾಗದಲ್ಲಿ, ಆ ದೃಶ್ಯದ ನಾಲ್ಕನೇ ನಿಮಿಷಕ್ಕೆ, ಚಿತ್ರ ತುಸು ಜಿಗಿಯುತ್ತದೆ. ಚಿತ್ರ ತೆಗೆಯಲು ಕಲಿಯುವವರು ಎಲ್ಲೆಲ್ಲಿಂದಲೋ ಬಂದು ಈ ಪ್ರತಿ ನೋಡುತ್ತಾರೆ. ಮೂವರಂತೂ ಆ ಜಿಗಿತವನ್ನು ಮಹಾ ಕಲೆ ಎಂದುಕೊಂಡು ತಮ್ಮ ಚಿತ್ರಗಳಲ್ಲೂ ಜಿಗಿಸಿದ್ದಾರೆ. "ಅದು ಕಲೆ ಅಲ್ಲ ಕಣ್ರಪ್ಪಾ, ನನ್ನ ಕತ್ತರಿ ಅಂದ್ರೆ ನಗ್ತಾರೆ. ನಂಬಲ್ಲ."

ಮ್ಯಾನೇಜರು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕುತ್ತಾರೆ. "ಹತ್ತಕ್ಕೆ ಆಟ. ಕತ್ತರಿಸಿ, ಇಲ್ಲಾಂದ್ರೆ ನಾಳೆಯಿಂದ ಬರಬೇಡಿ."

ಅಕ್ಕ ಸುರುಳಿಯನ್ನು ಕೊನೆಯವರೆಗೆ ಸುತ್ತಿ ಡಬ್ಬಿಗೆ ಹಾಕುತ್ತಾಳೆ. ಆಮೇಲೆ ಮೇಜಿಗೆ ಬಿಗಿದಿದ್ದ ಜೋಡಿಸುವ ಯಂತ್ರದ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ, ಯಂತ್ರವನ್ನು ಚೀಲಕ್ಕೆ ಇಳಿಸುತ್ತಾಳೆ.

"ಏನ್ ಮಾಡ್ತಿದೀರಿ?"

"ಕತ್ತರಿ ನಿಮ್ಮದು, ಕತ್ತರಿಸ್ಕೊಳ್ಳಿ. ಜೋಡಿಸೋ ಯಂತ್ರ ನನ್ನ ಸ್ವಂತದ್ದು. ಒಂದು ಸಲ ತಪ್ಪು ಮಾಡಿದೀನಿ ಮ್ಯಾನೇಜರೇ, ಎರಡನೇ ಸಲ ಮಾಡಲ್ಲ."

ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಕೆಳಗಿಳಿಯುತ್ತದೆ. ಕತ್ತರಿಸಿದರೆ ಮತ್ತೆ ಸೇರಿಸುವವರಿಲ್ಲ, ಸೇರಿಸದೆ ಸುರುಳಿ ಓಡುವುದಿಲ್ಲ. ಹತ್ತು ಗಂಟೆಗೆ ಚಿತ್ರ ಇಡಿಯಾಗಿ ಓಡುತ್ತದೆ. ನಾಲ್ಕನೇ ನಿಮಿಷಕ್ಕೆ ಜಿಗಿಯುತ್ತದೆ, ಏಳನೆಯದಕ್ಕೆ ಬೆಂಚಿನ ಮೇಲಿನ ಜಾಗ ಖಾಲಿಯಾಗುತ್ತದೆ. ಮಹಡಿಯ ಸ್ಟೂಲೂ ಖಾಲಿ. ಅಕ್ಕ ವಾಪಸ್ ಬಂದಿಲ್ಲ.